ಯೆಹೂದಿ ಕೇರಿಯಿಂದ ತಂದ ಬಿಳಿ ಫ್ರಾಕು

ಯೆಹೂದಿಗಳ ಕೇರಿಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಹಂದಿಯ ಕಾಲು. ಒಂದಲ್ಲ, ಇಪ್ಪತ್ತೋ ಮೂವತ್ತೋ. ಅಂಗಡಿಯ ಮಾಡಿನಿಂದ ಗೊರಸು ಮೇಲಾಗಿ ಸಾಲಾಗಿ ತೂಗುತ್ತಿದ್ದವು. ತೊಟ್ಟಿಕ್ಕುವ ಕೊಬ್ಬು ಗಿರಾಕಿಯ ತಲೆಯ ಮೇಲೆ ಬೀಳದಿರಲೆಂದು ಒಂದೊಂದರ ತುದಿಗೂ ಪುಟ್ಟ ಪ್ಲಾಸ್ಟಿಕ್ ಬಟ್ಟಲು ಸಿಕ್ಕಿಸಿದ್ದರು. ಪಕ್ಕದ ಗೋಡೆಯಲ್ಲಿ ನೀಲಿ ಅಕ್ಷರದ ಟೈಲ್ಸಿನ ಮೇಲೆ ಕೇರಿಯ ಹೆಸರು: ಹುದೇರಿಯಾ. ಸ್ಪೇನಿನವರ ಭಾಷೆಯಲ್ಲಿ ಹಾಗೆಂದರೆ ಯೆಹೂದಿಗಳು ವಾಸಿಸುವ ಜಾಗ. ಹಂದಿಯನ್ನು ಮುಟ್ಟದ ಜನರ ಹೆಸರು ಗೋಡೆಯ ಮೇಲೆ, ಹಂದಿ ಅದರ ಬಗಲಲ್ಲಿ, ಆ ಜನ ಮಾತ್ರ ಎಲ್ಲಿಯೂ ಇಲ್ಲ. ಐನೂರು ವರ್ಷಗಳ ಹಿಂದೆ ಅವರನ್ನು ದೇಶದಿಂದಲೇ ಓಡಿಸಿ, ಈಗ ಅವರ ಓಣಿಗಳನ್ನು ತೋರಿಸಲು ಟಿಕೆಟ್ ಹರಿಯುತ್ತಾರೆ. ಇಷ್ಟು ಸುಲಭದ ವ್ಯಾಪಾರವನ್ನು ನಾನು ಗಲ್ಫಿನಲ್ಲೂ ಕಂಡಿಲ್ಲ.

ಸುಳ್ಳು ಹೇಳುವುದಿಲ್ಲ, ನಾನೂ ಒಂದು ತಟ್ಟೆ ತರಿಸಿ ತಿಂದೆ. ಆರು ವರ್ಷಗಳಿಂದ ಕತಾರಿನ ದೋಹಾದಲ್ಲಿರುವ ಬೆಳ್ಮಣ್ಣಿನ ಕ್ರಿಸ್ತಾನನ ಕಷ್ಟ ಊರಿನಲ್ಲಿ ಕುಳಿತು ಇದನ್ನು ಓದುವವರಿಗೆ ಗೊತ್ತಾಗಲಿಕ್ಕಿಲ್ಲ. ಅಲ್ಲಿ ಹಂದಿಮಾಂಸದ ವಾಸನೆಯೂ ಸಿಗುವುದಿಲ್ಲ. ಆ ಆಸೆಗೆ ಬಾಯಿ ಹಾಕಿದರೆ, ಹಸಿಯೋ ಒಣಗಿದ್ದೋ ತಿಳಿಯದ, ಕಾಗದದಷ್ಟು ತೆಳ್ಳಗಿನ ಉಪ್ಪಿನ ಚೂರು. ನಮ್ಮ ಬಾಫಾತ್ ಪುಡಿ ಹಾಕಿ ಕುದಿಸಿದ ಹಂದಿ ಸಾರಿನ ಎದುರು ಇದನ್ನು ಮಾಂಸವೆಂದು ಕರೆಯುವುದೇ ಅನ್ಯಾಯ. ಆದರೂ ತಟ್ಟೆ ಖಾಲಿ ಮಾಡಿದೆ.

ನಾನು ಟೊಲೆಡೊ ಎಂಬ ಆ ಊರಿಗೆ ಹೋದದ್ದು ಇತಿಹಾಸದ ಹುಚ್ಚಿನಿಂದಲ್ಲ. ನಮ್ಮ ಕಂಪನಿ ಸ್ಪೇನಿನಿಂದ ಟೈಲ್ಸ್ ತರಿಸಿ ದೋಹಾದ ಸಾಹುಕಾರರ ಬಚ್ಚಲುಮನೆಗಳಿಗೆ ಮಾರುತ್ತದೆ. ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚಿ, ಒಂದೇ ಬಣ್ಣದ್ದೆಂದು ಬಂದ ಮಾಲಿನಲ್ಲಿ ಎಷ್ಟು ಬಣ್ಣಗಳಿವೆಯೆಂದು ನೋಡಿ, ಬೈದು ಫ್ಯಾಕ್ಸ್ ಕಳಿಸುವುದು ನನ್ನ ಕೆಲಸ. ಬೈಗುಳ ವಿಪರೀತವಾಯಿತೆಂದು ಆ ವರ್ಷ ಫ್ಯಾಕ್ಟರಿಯವರೇ ನಮ್ಮನ್ನು ಕರೆಸಿಕೊಂಡರು. ನಮ್ಮನ್ನು ಎಂದರೆ ನನ್ನನ್ನು ಮತ್ತು ನನ್ನ ಮ್ಯಾನೇಜರ್ ಶ್ರೀಕಂಠಯ್ಯನವರನ್ನು. ಇವರು ಮೈಸೂರಿನವರು. ಪೆಟ್ಟಿಗೆಯ ತುಂಬ ಅವಲಕ್ಕಿ ಮತ್ತು ಚಟ್ನಿಪುಡಿ ಹೊತ್ತು ಯುರೋಪಿಗೆ ಬಂದವರು. ಐದು ದಿನ ಫ್ಯಾಕ್ಟರಿಯವರ ಊಟದ ಮೇಜಿನಲ್ಲಿ ಬ್ರೆಡ್ಡು ಮತ್ತು ಕಿತ್ತಳೆ ತಿಂದು ಬದುಕಿದರು. ಮರಳುವ ಮುನ್ನ ಒಂದು ಭಾನುವಾರ ಖಾಲಿ ಸಿಕ್ಕಿತು. ಮ್ಯಾಡ್ರಿಡ್ಡಿನ ಹೋಟೆಲಿನವನು ಟೊಲೆಡೊಗೆ ಬಸ್ಸು ಹತ್ತಿಸಿದ.

"ಏನ್ರೀ ಪಿಂಟೋ, ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ?" ಎಂದರು ಶ್ರೀಕಂಠಯ್ಯ, ಹಂದಿಯ ಕಾಲುಗಳತ್ತ ಬೆನ್ನು ತಿರುಗಿಸಿ, ಮೂಗಿಗೆ ಕರವಸ್ತ್ರ ಹಿಡಿದು.

ನನ್ನ ಜೇಬಿನಲ್ಲಿ ಒಂದು ನೂಲಿನ ತುಂಡಿತ್ತು, ಅದರಲ್ಲಿ ಮೂರು ಗಂಟು. ಆ ದಿನವೆಲ್ಲ ನನ್ನ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಆ ನೂಲಿನ ವಿಷಯ ಹೇಳಬೇಕಾದರೆ ಮೊದಲು ದೋಹಾದ ನಮ್ಮ ಮನೆಯ ವಿಷಯ ಹೇಳಬೇಕು.

ನಾವಿರುವುದು ಅಲ್ ಸದ್ದ್‌ನಲ್ಲಿ, ಮೂರನೆಯ ಮಾಳಿಗೆ. ಕಿಟಕಿ ತೆರೆದರೆ ಎದುರು ಕಟ್ಟಡದ ಏಸಿಗಳ ಬೆನ್ನು. ಊರಿನಲ್ಲಿ ನೆರೆಮನೆಯ ಸಾರಿನ ಪರಿಮಳದಿಂದ ಇವತ್ತು ಯಾವ ಮೀನೆಂದು ಹೇಳುತ್ತಿದ್ದವನು ನಾನು. ಇಲ್ಲಿ ಎದುರು ಬಾಗಿಲಿನವನ ಹೆಸರೂ ಗೊತ್ತಿಲ್ಲ. ನಮ್ಮವರೆಂಬವರು ಇದ್ದಾರೆ, ನವೆಂಬರಿನಲ್ಲಿ ಒಂದು ಸಂಜೆ ಕನ್ನಡಕ್ಕಾಗಿ ಎದೆ ತಟ್ಟಿಕೊಂಡು, ಕಾರಿಗೆ ಮರಳುವ ದಾರಿಯಲ್ಲೇ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬೈಯುವವರು. ಅವರಲ್ಲಿ ನಾನೂ ಒಬ್ಬ.

ಇಲ್ಲಿ ಇಗರ್ಜಿ, ಅಂದರೆ ಚರ್ಚು, ಇಲ್ಲ. ಬಹಿರಂಗ ಪೂಜೆಗೆ ಅನುಮತಿ ಇಲ್ಲ. ಮನೆಯೊಳಗೆ ಏನು ಮಾಡಿಕೊಂಡರೂ ಯಾರೂ ಕೇಳುವುದಿಲ್ಲವೆಂದು ಕೆಲವರು ಹೇಳುತ್ತಾರೆ, ಕೇಳುತ್ತಾರೆಂದು ಕೆಲವರು. ಕೇಳಿ ತಿಳಿದುಕೊಳ್ಳುವ ಧೈರ್ಯ ಯಾರಿಗೂ ಇಲ್ಲ. ಹಾಗಾಗಿ ನಮ್ಮ ಜನ ಒಂದು ಉಪಾಯ ಮಾಡಿದ್ದರು. ವಾರದ ರಜೆಯಾದ ಶುಕ್ರವಾರ ನಡೆಸುವ ಬಲಿಪೂಜೆಗೆ, ಅಂದರೆ ಮಾಸ್‌ಗೆ, ಬರ್ತ್‌ಡೇ ಎಂದು ಹೆಸರಿಟ್ಟರು. "ಈ ಶುಕ್ರವಾರ ಬರ್ತ್‌ಡೇ ಎಷ್ಟು ಗಂಟೆಗೆ?" ಎಂದು ಫೋನಿನಲ್ಲಿ ಕೇಳುವುದು. ಗೋಡೆಗೆ ಬಲೂನು ಕಟ್ಟುವುದು. ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಪೊಟ್ಟಣ ಹಿಡಿದು ಬರುವುದು. ಅದರೊಳಗೆ ಏನೂ ಇರುವುದಿಲ್ಲ, ಮುಂದಿನ ವಾರಕ್ಕೂ ಅದೇ ಪೊಟ್ಟಣ. ಪಾದ್ರಿಗಳು ಪ್ಯಾಂಟು ಶರ್ಟಿನಲ್ಲಿ ಬರುತ್ತಾರೆ, ಪೂಜೆಯ ಪಾತ್ರೆ ಕೇಕಿನ ಡಬ್ಬಿಯಲ್ಲಿ ಬರುತ್ತದೆ. ಎಲ್ಲಕ್ಕಿಂತ ಮುಖ್ಯ ನಿಯಮ ಚಪ್ಪಲಿಯದು. ಬಾಗಿಲ ಹೊರಗೆ ಒಂದು ಜೊತೆಯೂ ಕಾಣಬಾರದು. ಬಂದವರ ಪಾದರಕ್ಷೆಯನ್ನೆಲ್ಲ ಬಾತ್‌ರೂಮಿನ ಟಬ್ಬಿನಲ್ಲಿ ಪೇರಿಸಿ ಪರದೆ ಎಳೆಯಬೇಕು. ನಾಲ್ಕು ವರ್ಷ ಇದು ನಮ್ಮ ಕೆಳಗಿನ ಮಾಳಿಗೆಯ ಗೋವೆಯವರ ಮನೆಯಲ್ಲಿ ನಡೆಯಿತು. ನಾನು ಮೂಲೆಯಲ್ಲಿ ನಿಂತು ಹಲ್ಲು ಕಡಿಯುತ್ತಿದ್ದೆ. ದೇವರ ಹೆಸರನ್ನು ಕಳ್ಳ ಮಾಲಿನ ಹಾಗೆ ಪಿಸುಗುಡುವ ಈ ಗುಮಾಸ್ತರ ಗುಂಪನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು.

ಗೋವೆಯವರಿಗೆ ಅಬುಧಾಬಿಗೆ ವರ್ಗವಾಯಿತು. ಎಲ್ಲರ ಕಣ್ಣು ನಮ್ಮ ಮನೆಯ ಹಾಲ್‌ನ ಮೇಲೆ ಬಿತ್ತು. ನನ್ನ ಹೆಂಡತಿ ಲಿಲ್ಲಿ ಹೂಂ ಎಂದಳು, ನಾನು ಊಹೂಂ ಎಂದೆ. ನಮ್ಮ ಮಗಳು ಶರಲ್‌ಗೆ ಎಂಟು ತುಂಬಿತ್ತು. ಆ ವಸಂತದಲ್ಲಿ ಅವಳ ಮೊದಲ ಪರಮಪ್ರಸಾದ, ಅಂದರೆ ಪಾದ್ರಿಯ ಕೈಯಿಂದ ಪೂಜೆಯ ರೊಟ್ಟಿ ಪಡೆಯುವ ಮೊದಲ ಸಂಸ್ಕಾರ, ಆಗಬೇಕಿತ್ತು. ಬಿಳಿ ಫ್ರಾಕು, ಮುಸುಕು, ಕೈಯಲ್ಲಿ ಮೊಂಬತ್ತಿ. ಊರಿನಲ್ಲಿ ಮದುವೆಯಷ್ಟೇ ದೊಡ್ಡ ದಿನ. ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಕೆಳಗೆ ಆ ಖಾನ್ ಕೂತಿದ್ದಾನಲ್ಲ, ಕಾಣುದಿಲ್ವಾ ನಿನಗೆ?" ಎಂದೆ. ಖಾನ್ ಎಂದರೆ ನಮ್ಮ ಕಟ್ಟಡದ ಕಾವಲುಗಾರ, ಪೇಶಾವರದ ಕಡೆಯ ಮುದುಕ. "ಜಪಮಣಿ ಎಣಿಸ್ತಾನೋ ನಮ್ಮ ತಲೆ ಎಣಿಸ್ತಾನೋ ಯಾರಿಗೆ ಗೊತ್ತು. ಬಿಲ್ಡಿಂಗಿನ ಮಾಲಿಕನ ಕಿವಿಗೆ ಬಿದ್ರೆ ಖಲಾಸ್."

"ಎಣಿಸ್ಲಿ. ಎಂಟು ವರ್ಷದ ಮಗು ಅದು, ಬಾಂಬ್ ಅಲ್ಲ."

"ಊರಿಗೆ ಹೋದಾಗ ಮಾಡಿಸುವ. ಎಂತ ಅವಸರ?"

ನಾನು ಸ್ಪೇನಿಗೆ ಹೊರಡುವ ದಿನ ಲಿಲ್ಲಿ ಹೊಲಿಗೆಯ ನೂಲು ತಂದು ಮಗುವನ್ನು ನಿಲ್ಲಿಸಿ ಭುಜದ ಅಗಲ, ಸೊಂಟದ ಸುತ್ತು, ಕುತ್ತಿಗೆಯಿಂದ ಮೊಣಕಾಲಿನ ಕೆಳಗಿನವರೆಗಿನ ಉದ್ದ, ಮೂರಕ್ಕೂ ಒಂದೊಂದು ಗಂಟು ಹಾಕಿದಳು. ನನ್ನ ಜೇಬಿಗೆ ತುರುಕಿದಳು. "ಅದು ಕ್ರಿಸ್ತಾನರ ದೇಶವಂತೆ. ಅಲ್ಲಿ ಸಿಗ್ತದೆ. ಫ್ರಾಕ್ ತಂದ್ರೆ ಇಲ್ಲೇ, ನಮ್ಮ ಹಾಲ್‌ನಲ್ಲಿ. ತರದಿದ್ರೆ ನಾನೂ ಮಗುವೂ ಊರಿಗೆ. ಹೋದವರು ಮತ್ತೆ ಬರುದಿಲ್ಲ. ಆಮೇಲೆ ನೀವು, ನಿಮ್ಮ ಸೋಫಾ, ನಿಮ್ಮ ಖಾನ್."

ಲಿಲ್ಲಿ ಹೇಳಿದರೆ ಹೇಳಿದ ಹಾಗೆ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ಒಂದು ಕೋಣೆಯಲ್ಲಿ ನಾಲ್ಕು ಜನ ಮಲಗುವ ಗಂಡಸರನ್ನು ನಾನು ನೋಡಿದ್ದೆ. ಶುಕ್ರವಾರದ ಫೋನ್ ಕಾರ್ಡಿನಲ್ಲಿ ಬದುಕುವವರು. ಹಾಗಾಗುವ ಭಯ ಒಂದು ಕಡೆ, ಖಾನನ ಭಯ ಇನ್ನೊಂದು ಕಡೆ. ನೂಲನ್ನು ಎಸೆಯಲಿಲ್ಲ, ಫ್ರಾಕನ್ನು ಹುಡುಕಲೂ ಇಲ್ಲ. ಐದು ದಿನ ಕಳೆದಿದ್ದೆ.

ಟೊಲೆಡೊದ ಆ ಕೇರಿಯಲ್ಲಿ ನಮಗೆ ಸಿಕ್ಕ ಗೈಡ್ ನಿವೃತ್ತ ಶಾಲಾ ಟೀಚರಮ್ಮ. ಮೋಟು ಕೂದಲು, ಮಂಡಿನೋವು, ತಡವರಿಸುವ ಇಂಗ್ಲಿಷ್. ಓಣಿಗಳು ಎಷ್ಟು ಕಿರಿದೆಂದರೆ ಎದುರಿನಿಂದ ಪ್ರವಾಸಿಗಳ ಇನ್ನೊಂದು ಗುಂಪು ಬಂದರೆ ಗೋಡೆಗೆ ಅಂಟಿಕೊಳ್ಳಬೇಕು. ಎಡಕ್ಕೆ ಕತ್ತಿಯಂಗಡಿ, ಬಲಕ್ಕೆ ಬಾದಾಮಿ ಮಿಠಾಯಿ, ಮತ್ತೆ ಎಡಕ್ಕೆ ಕತ್ತಿ. ಬೀದಿಯ ಹೆಸರು ಬರೆದ ಟೈಲ್ಸುಗಳನ್ನು ನೋಡಿದೆ: ಒಂದೇ ಸಾಲಿನಲ್ಲಿ ಮೂರು ಬಗೆಯ ನೀಲಿ. ನನ್ನ ಗೋದಾಮಿಗೆ ಬಂದಿದ್ದರೆ ಪೆಟ್ಟಿಗೆ ಸಮೇತ ವಾಪಸ್ ಕಳಿಸುತ್ತಿದ್ದೆ. ಅಮೆರಿಕದವರು ಅದಕ್ಕೂ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಕೊನೆಗೆ ಟೀಚರಮ್ಮ ನಮ್ಮನ್ನು ಒಂದು ದೊಡ್ಡ ಬಿಳಿ ಕಟ್ಟಡದೊಳಗೆ ಕರೆದೊಯ್ದಳು. ಸಾಲು ಸಾಲು ಬಿಳಿ ಕಂಬಗಳು, ಲಾಳದ ಆಕಾರದ ಕಮಾನುಗಳು. ದೋಹಾದಲ್ಲಿದ್ದವನಿಗೆ ಮಸೀದಿಯೆಂದೇ ಅನಿಸಬೇಕು. ಆದರೆ ಬಾಗಿಲಿನ ಫಲಕದಲ್ಲಿ ಮರಿಯಮ್ಮನ ಹೆಸರು ಕಂಡದ್ದೇ ನನ್ನ ಕೈ ತಾನಾಗಿ ಹಣೆಗೆ ಹೋಯಿತು. ತೀರ್ಥದ ಬಟ್ಟಲಿಗಾಗಿ ಸುತ್ತ ನೋಡಿ, ಸಿಗದೆ, ಹಾಗೇ ಶಿಲುಬೆಯ ಗುರುತು ಹಾಕಿಕೊಂಡೆ, ದೊಡ್ಡದಾಗಿ, ಎಲ್ಲರೂ ಕಾಣುವ ಹಾಗೆ. ದೋಹಾದಲ್ಲಿ ಕಾರಿನೊಳಗೂ ಹಾಕಿಕೊಳ್ಳದವನು.

"ಇದು ಯೆಹೂದಿಗಳ ಪ್ರಾರ್ಥನಾಮಂದಿರ," ಎಂದಳು ಟೀಚರಮ್ಮ, ನನ್ನ ಕೈಯನ್ನೇ ನೋಡುತ್ತ. "ಅವರಿಂದ ಕಿತ್ತುಕೊಂಡ ಮೇಲೆ ಇಗರ್ಜಿ ಮಾಡಿದರು. ಈಗ ಬರೀ ಟಿಕೆಟ್ಟು. ಕಟ್ಟಿದ ಕೆಲಸಗಾರರು ಮುಸಲ್ಮಾನರು."

ಶ್ರೀಕಂಠಯ್ಯ ಕಂಬ ತಟ್ಟಿ ನೋಡಿದರು. "ಕಟ್ಟಿದ್ದು ಒಬ್ರು, ಪೂಜೆ ಮಾಡಿದ್ದು ಒಬ್ರು, ಬೋರ್ಡು ಇನ್ನೊಬ್ರುದು. ಬಾಡಿಗೆ ಯಾರಿಗೆ ಹೋಗುತ್ತಂತೆ, ಕೇಳ್ರೀ."

ನಾನು ಕೇಳಲಿಲ್ಲ. ರೊನಾಲ್ಡ್ ಪಿಂಟೊ ಎಂಬ ನನ್ನ ಹೆಸರಿನ ಪಿಂಟೊ ಕೂಡ ಅಂಥದ್ದೇ ಒಂದು ಬೋರ್ಡು ಎಂಬುದು ಅಲ್ಲಿ ನೆನಪಾಯಿತು. ಗೋವೆಯಲ್ಲಿ ಯಾವನೋ ಪೋರ್ಚುಗೀಸ್ ಪಾದ್ರಿ ನಮ್ಮ ಹಿರಿಯರಿಗೆ ಅಂಟಿಸಿ ಕಳಿಸಿದ್ದು. ಅದಕ್ಕೆ ಮೊದಲು ನಾವು ಬ್ರಾಹ್ಮಣರಾಗಿದ್ದೆವೆಂದು ನನ್ನಜ್ಜಿ ಸಾಯುವವರೆಗೂ ಹೇಳುತ್ತಿದ್ದಳು. ನಮ್ಮ ಕಡೆಯ ಎಲ್ಲ ಅಜ್ಜಿಯರೂ ಹಾಗೆಯೇ ಹೇಳುತ್ತಾರೆ. ಗೋವೆಯಲ್ಲಿ ಆಗ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು ಯಾರೂ ಇರಲಿಲ್ಲವೆಂದು ಕಾಣುತ್ತದೆ.

ಹೊರಗೆ ಕಲ್ಲಿನ ಮೆಟ್ಟಿಲ ಮೇಲೆ ಟೀಚರಮ್ಮ ಮಂಡಿ ನೀವಿಕೊಳ್ಳುತ್ತ ಕುಳಿತಳು. ದೇಶ ಬಿಡಲಾಗದೆ ಕ್ರಿಸ್ತಾನರಾದವರ ಕಥೆ ಹೇಳಿದಳು. ಯೆಹೂದಿಗಳು ಶನಿವಾರ ಬೆಂಕಿ ಹಚ್ಚುವವರಲ್ಲ, ಹಾಗಾಗಿ ಆ ದಿನ ಯಾರ ಮನೆಯ ಹೊಗೆಗೂಡಿನಿಂದ ಹೊಗೆ ಬರುವುದಿಲ್ಲವೋ ಅವರು ಒಳಗೊಳಗೇ ಯೆಹೂದಿಗಳೆಂದು ನೆರೆಯವರು ಚಾಡಿ ಹೇಳುತ್ತಿದ್ದರಂತೆ. ಅದಕ್ಕೇ ಅಡುಗೆ ಇಲ್ಲದಿದ್ದರೂ ಒಲೆ ಉರಿಸುತ್ತಿದ್ದರಂತೆ. ಎಲ್ಲರಿಗೂ ಕಾಣುವ ಹಾಗೆ ಹಂದಿಯ ಕಾಲನ್ನು ಬಾಗಿಲಲ್ಲಿ ತೂಗುಹಾಕುತ್ತಿದ್ದರಂತೆ. "ಪ್ರಾರ್ಥನೆಗೆ ಸೇರಿದಾಗ ಮೇಜಿನ ಮೇಲೆ ಇಸ್ಪೀಟು ಹರಡಿಕೊಳ್ಳುತ್ತಿದ್ದರು ಅಂತ ಹೇಳುತ್ತಾರೆ," ಎಂದಳು. "ಬಾಗಿಲು ಬಡಿದರೆ ಎಲೆ ಕೈಗೆ. ಜೂಜಿಗೆ ಕೂತವರು ಅಂತ ನೋಡಿದವರಿಗೆ ಅನ್ನಿಸಬೇಕು."

ನನಗೆ ನಗು ಬಂತು. ಇಸ್ಪೀಟು! ದೇವರೆದುರು ಕಳ್ಳಾಟ! ಎಂಥ ಪುಕ್ಕಲು ಜನ ಎಂದು ಜೋರಾಗಿ ನಕ್ಕೆ. ನಗುತ್ತಿದ್ದ ಹಾಗೇ ಕೇಕಿನ ಡಬ್ಬಿ ನೆನಪಾಯಿತು. ಬಲೂನು, ಏನೂ ಇಲ್ಲದ ಪೊಟ್ಟಣ, ಟಬ್ಬಿನ ತುಂಬ ಚಪ್ಪಲಿ. ನಗು ನಿಂತಿತು. ಟೀಚರಮ್ಮ ಏನಾಯಿತೆಂದು ಕೇಳಿದಳು, ಹೇಳಲು ನಾಚಿಕೆಯಾಯಿತು. ಆ ಇಸ್ಪೀಟಿನವರನ್ನು ಹಿಡಿದರೆ ಜೀವಂತ ಸುಡುತ್ತಿದ್ದರು, ಆದರೂ ಅವರು ಪ್ರಾರ್ಥನೆಗೆ ಮನೆಯಲ್ಲಿ ಜಾಗ ಕೊಟ್ಟಿದ್ದರು. ನನ್ನನ್ನು ಯಾರೂ ಸುಡುವುದಿಲ್ಲ, ಹೆಚ್ಚೆಂದರೆ ಕೆಲಸ ಹೋದೀತು. ನಾಲ್ಕು ವರ್ಷ ನಾನು ಮೂಲೆಯಲ್ಲಿ ನಿಂತು ತಿರಸ್ಕರಿಸಿದ ಆ ಗುಮಾಸ್ತರು ತಮ್ಮ ಕೈಲಾದ ಧೈರ್ಯ ಮಾಡಿದ್ದರು. ನಾನು ಅದನ್ನೂ ಮಾಡಿರಲಿಲ್ಲ.

ಭಾನುವಾರವಾದರೂ ಪ್ರವಾಸಿಗಳಿಗಾಗಿ ಅಂಗಡಿಗಳು ತೆರೆದಿದ್ದವು. ದೊಡ್ಡ ಇಗರ್ಜಿಯ ಹತ್ತಿರದ ಒಂದು ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು ಮೊದಲ ಪರಮಪ್ರಸಾದದ ಫ್ರಾಕುಗಳು. ಒಳಗೆ ಹೋಗಿ ನೂಲು ಬಿಚ್ಚಿ ಅಂಗಡಿಯವಳ ಎದುರು ಹಿಡಿದೆ. ಭಾಷೆ ಬೇಕಾಗಲಿಲ್ಲ. ಅವಳು ಗಂಟುಗಳನ್ನು ಬಟ್ಟೆಯ ಮೇಲಿಟ್ಟು ನೋಡಿ, ನಕ್ಕು, ಒಂದನ್ನು ಇಳಿಸಿದಳು.

"ಯಾರಿಗ್ರೀ ಇದು, ಮದುವೆ ಹೆಣ್ಣಿನ ಥರ?" ಶ್ರೀಕಂಠಯ್ಯ ಹಿಂದೆಯೇ ನಿಂತಿದ್ದರು.

ಈ ಮನುಷ್ಯನ ಡ್ರಾಯರಿನಲ್ಲಿ ನಮ್ಮೆಲ್ಲರ ಪಾಸ್‌ಪೋರ್ಟುಗಳಿರುತ್ತವೆ. ಕತಾರಿನಿಂದ ಹೊರಗೆ ಕಾಲಿಡಲು ಖುರೂಜ್ ಎಂಬ ಅನುಮತಿ ಚೀಟಿ ಬೇಕು. ಅದಕ್ಕೆ ಕಂಪನಿಯ ಮಾಲಿಕನ ರುಜು ಹಾಕಿಸುವವರೂ ಇವರೇ. ಮಾಲಿಕನ ಜೊತೆ ವಾರಕ್ಕೊಮ್ಮೆ ಕುಳಿತು ಚಹಾ ಕುಡಿಯುವವರು. ಒಂದು ನಿಮಿಷದ ಹಿಂದೆ ಹುಟ್ಟಿದ ನನ್ನ ಧೈರ್ಯ ಅಷ್ಟಕ್ಕೇ ಸತ್ತಿತು.

"ಮಗಳ ಬರ್ತ್‌ಡೇ, ಸರ್," ಎಂದೆ.

"ಹೌದಾ! ಯಾವತ್ತು?"

"ಮುಂದಿನ... ಅದರ ಮುಂದಿನ ಶುಕ್ರವಾರ."

"ಕರೀದೇನೇ ಬರ್ತೀವಿ ನೋಡಿ. ನಮ್ಮನೆಯವಳಿಗೆ ಮಕ್ಕಳು ಅಂದ್ರೆ ಪ್ರಾಣ," ಎಂದು ಅಲ್ಲೇ ಒಂದು ಬಾದಾಮಿ ಮಿಠಾಯಿಯ ಡಬ್ಬಿ ಕೊಂಡರು. ದೋಹಾಕ್ಕೆ ಮರಳುವಷ್ಟರಲ್ಲಿ ಅವರು ಮರೆತಿರುತ್ತಾರೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಲಿಲ್ಲಿಗೂ ಹೇಳಲಿಲ್ಲ.

ದೋಹಾದಲ್ಲಿ ಲಿಲ್ಲಿ ಫ್ರಾಕನ್ನು ಮಗುವಿನ ಮೈಗೆ ಹಿಡಿದು ನೋಡಿದಳು. ನೂಲನ್ನು ನನ್ನಿಂದ ವಾಪಸ್ ಇಸಿದುಕೊಂಡು ಬೈಬಲಿನೊಳಗಿಟ್ಟಳು. ಎರಡನೆಯ ಶುಕ್ರವಾರ ಬೆಳಿಗ್ಗೆ ಸೋಫಾವನ್ನು ಗೋಡೆಗೆ ತಳ್ಳಿ, ಬಲೂನು ಕಟ್ಟಿದೆವು. ಹನ್ನೆರಡು ಮನೆಯವರು ಒಬ್ಬೊಬ್ಬರಾಗಿ ಬಂದರು. ಟಬ್ಬು ತುಂಬಿತು. ಹಸಿರು, ಕೆಂಪು ಬಲೂನುಗಳ ಕೆಳಗೆ ಶರಲ್ ಬಿಳಿ ಫ್ರಾಕಿನಲ್ಲಿ ನಿಂತು ಕೇಳಿದಳು, "ಡ್ಯಾಡಿ, ಇದು ನನ್ನ ರಿಯಲ್ ಬರ್ತ್‌ಡೇ ಅಲ್ಲ ಅಲ್ವಾ? ಮತ್ತೆ ಯಾಕೆ ಎಲ್ರೂ ಸ್ಲೋ ಆಗಿ ಮಾತಾಡೋದು?" ಲಿಲ್ಲಿ ಅವಳ ಮುಸುಕು ಸರಿಮಾಡಿ ನನ್ನ ಮುಖ ನೋಡಿದಳು. ನಾನು ಏಸಿಯ ಸದ್ದು ಜೋರು ಮಾಡಿದೆ.

ಪೂಜೆ ನಡುವಿಗೆ ಬಂತು. ಪಾದ್ರಿಗಳು ರೊಟ್ಟಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿದರು. ಊರಿನ ಇಗರ್ಜಿಯಲ್ಲಾದರೆ ಗಂಟೆ ಬಾರಿಸುವ ಹೊತ್ತು. ಇಲ್ಲಿ ಗಂಟೆಯೂ ಇಲ್ಲ. ಆಗ ನಮ್ಮ ಬಾಗಿಲಿನ ಬೆಲ್ಲು ಹೊಡೆಯಿತು.

ಪಾದ್ರಿಗಳ ಕೈ ಮೇಲೆಯೇ ಉಳಿಯಿತು. ಮತ್ತೊಮ್ಮೆ ಬೆಲ್ಲು. ನಾನು ಹೋಗಿ ಕಣ್ಣು ಹಿಡಿಸುವಷ್ಟೇ ಬಾಗಿಲು ತೆರೆದೆ. ಶ್ರೀಕಂಠಯ್ಯನವರು, ರೇಷ್ಮೆ ಸೀರೆ ಉಟ್ಟ ಅವರ ಹೆಂಡತಿ, ಕೈಯಲ್ಲಿ ಬಾದಾಮಿ ಮಿಠಾಯಿ.

"ಎಲ್ರೀ ಬರ್ತ್‌ಡೇ ಬೇಬಿ?" ಎನ್ನುತ್ತ ಅವರು ಬಾಗಿಲು ತಳ್ಳಿಕೊಂಡೇ ಬಂದರು. ಬಂದವರು ಅಲ್ಲೇ ನಿಂತರು. ಮೇಜಿನ ಮೇಲಿನ ಶಿಲುಬೆ, ಉರಿಯುವ ಮೊಂಬತ್ತಿ, ಮೊಣಕಾಲೂರಿದ ಮೂವತ್ತು ಜನ. ನನ್ನ ಆರು ವರ್ಷದ ಕತಾರ್ ಮುಗಿಯಿತೆಂದು ಆ ಕ್ಷಣ ನಾನು ನಂಬಿದೆ. ಲಿಲ್ಲಿ ಮಗುವಿನ ಭುಜ ಹಿಡಿದುಕೊಂಡಳು.

"ಏನ್ರೀ ಪಿಂಟೋ," ಶ್ರೀಕಂಠಯ್ಯನವರ ದನಿ ತಗ್ಗಿತು, ಮುಖದಲ್ಲಿ ನಿಜವಾದ ನೋವಿತ್ತು. "ಪೂಜೆ ಅಂತ ಒಂದು ಮಾತು ಹೇಳ್ಬಾರ್ದಾ? ತಿಂಡಿ ತಿಂದ್ಕೊಂಡ್ ಬಂದ್ಬಿಟ್ವಲ್ಲ." ಅವರ ಹೆಂಡತಿ ಸೆರಗು ಹೊದ್ದು, "ನಾವು ಎಲ್ಲಿ ಕೂತ್ಕೋಬೇಕು?" ಎಂದು ಲಿಲ್ಲಿಯನ್ನು ಕೇಳಿ, ಹಿಂದೆ ನೆಲದ ಮೇಲೆ ಕಾಲು ಮಡಚಿ ಕುಳಿತರು. ಪಾದ್ರಿಗಳು ಕೈ ಇಳಿಸಿದರು. ಶರಲ್ ನಾಲಿಗೆ ಚಾಚಿ ಪರಮಪ್ರಸಾದ ತೆಗೆದುಕೊಂಡಳು. ಲಿಲ್ಲಿ ಅತ್ತಳು, ನನಗೂ ಅಳು ಬಂತು.

ಕೊನೆಯ ಹಾಡಿನ ಹೊತ್ತಿಗೆ ಮತ್ತೆ ಬೆಲ್ಲು. ಈ ಸಲ ಖಾನ್. ಒಂದು ಕೈಯಲ್ಲಿ ದೊಡ್ಡ ಕಪ್ಪು ಬೂಟು, ಇನ್ನೊಂದರಲ್ಲಿ ಹೆಂಗಸರ ಚಪ್ಪಲಿ. ಮೈಸೂರಿನ ಮನುಷ್ಯ ಇನ್ನೊಬ್ಬರ ಮನೆಗೆ ಬಂದರೆ ಎಲ್ಲಿ ಬಿಡುತ್ತಾನೋ ಅಲ್ಲೇ ಬಿಟ್ಟಿದ್ದರು ಶ್ರೀಕಂಠಯ್ಯ ದಂಪತಿ, ಹೊಸ್ತಿಲ ಹೊರಗೆ. ಖಾನ್ ನನ್ನ ಹೆಗಲ ಮೇಲಿಂದ ಒಳಗೆ ಇಣುಕಲೂ ಇಲ್ಲ.

"ಸಾಬ್, ಜೂತೇ ಬಾಹರ್ ರಹ್ ಗಯೇ," ಎಂದ. ಪಾದರಕ್ಷೆ ಹೊರಗೇ ಉಳಿದಿತ್ತು ಎಂದು. "ಜುಮೇ ಕೋ ಆಪ್ ಲೋಗ್ ಅಂದರ್ ರಖ್ತೇ ಹೈಂ ನಾ?" ಶುಕ್ರವಾರ ನೀವೆಲ್ಲ ಒಳಗಿಡುತ್ತೀರಲ್ಲವೇ, ಎಂದು.

ಕೊಟ್ಟು, ಮೆಟ್ಟಿಲಿಳಿದು, ತನ್ನ ಪ್ಲಾಸ್ಟಿಕ್ ಕುರ್ಚಿಗೆ ಹೋದ. ಅವನಿಗೆ ನಾಲ್ಕು ವರ್ಷಗಳಿಂದಲೂ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಅಷ್ಟೂ ವರ್ಷ ಅವನ ಸಲಾಮಿಗೆ ನಾನು ತಲೆ ಆಡಿಸಿದವನಲ್ಲ. ಬೂಟುಗಳನ್ನು ಟಬ್ಬಿನಲ್ಲಿಟ್ಟು ಪರದೆ ಎಳೆದೆ. ಹೊರಗೆ ಬರಲು ಮುಖವಿರಲಿಲ್ಲ. ಆಮೇಲೆ ಕೇಕಿನ ದೊಡ್ಡ ತುಂಡೊಂದನ್ನು ಕೆಳಗೆ ಒಯ್ದು ಕೊಟ್ಟೆ. ಅವನು ಹೆಸರಿಡದೆ ತಿಂದ.

ಲಿಲ್ಲಿ ಊರಿಗೆ ಹೋಗಿ ಉಳಿಯುವ ಮಾತು ಅಲ್ಲಿಗೆ ಮುಗಿಯಿತು. ಜುಲೈಯ ರಜೆಗೆ ಮೂವರೂ ಹೋದೆವು. ಬೆಳ್ಮಣ್ಣಿನ ಅಣ್ಣನ ಮನೆಯಲ್ಲಿ ಸಂಜೆ ತೇರ್ಸಕ್ಕೆ, ಅಂದರೆ ಜಪಸರದ ಪ್ರಾರ್ಥನೆಗೆ, ನೆರೆಯವರೆಲ್ಲ ಸೇರಿದ್ದರು. ಕಿಟಕಿಗಳೆಲ್ಲ ತೆರೆದಿದ್ದವು, ಹಾಡು ರಸ್ತೆಯವರೆಗೆ ಕೇಳುತ್ತಿತ್ತು. ಇಷ್ಟು ಗಟ್ಟಿಯಾಗಿ ಯಾಕೆ ಹಾಡುತ್ತಾರೆ ಈ ಜನ ಎಂದು ನನಗೆ ಸಿಟ್ಟು ಬಂತು. ಶರಲ್ ಪಿಸುಮಾತಿನಲ್ಲೇ ಪ್ರಾರ್ಥಿಸುತ್ತಿದ್ದಳು. ಅವಳಿಗೆ ಬೇರೆ ಬಗೆ ಗೊತ್ತೇ ಇಲ್ಲ. ನಾನು ಎದ್ದು ಜಗಲಿಗೆ ಹೋದೆ.

ಸ್ವಲ್ಪ ಹೊತ್ತಿಗೆ ಅತ್ತಿಗೆ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದಳು. "ರೊನಾಲ್ಡ್, ಎಂತ ಮಾರಾಯ ಇದು? ಊರಿನವರ ಚಪ್ಪಲಿ ಎಲ್ಲ ತಂದು ಇಲ್ಲಿ ಹಾಕಿದ್ದೀಯಲ್ಲ!"

ನೋಡಿದರೆ ಹೌದು, ಮೆಟ್ಟಿಲಿನಲ್ಲಿದ್ದ ಅಷ್ಟೂ ಜೊತೆಗಳನ್ನು ಎರಡು ಸಲ ಓಡಾಡಿ ತಂದು ಹಂಡೆಯ ಪಕ್ಕ ಪೇರಿಸುತ್ತಿದ್ದೆ. "ಮಳೆಗೆ ಒದ್ದೆ ಆಗ್ತದೆ ಅಂತ," ಎಂದೆ. ಹೊರಗೆ ಆ ಹೊತ್ತು ಒಂದು ಹನಿ ಮಳೆಯೂ ಇರಲಿಲ್ಲ.

"ಕೊಂಡುಹೋಗಿ ಹೊರಗೆ ಇಡು. ಇಲ್ಲಿ ಯಾರಿದ್ದಾರೆ ನೋಡ್ಲಿಕ್ಕೆ?"

ಅವಳ ಮಾತು ಸರಿ. ಎಲ್ಲರದನ್ನೂ ತೆಗೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟುಬಂದೆ. ನನ್ನದೊಂದು ಜೊತೆಯನ್ನು ಮಾತ್ರ ಒಳಗೇ ಬಿಟ್ಟೆ.